ಬೆಂಗಳೂರಿನ ಕಿರುವೇದಿಕೆ ರಾಕ್ ಸಂಗೀತ

ಬೆಂಗಳೂರಿನ ಕಿರುವೇದಿಕೆ ರಾಕ್ ಸಂಗೀತ ಎಂದರೆ ನಗರದ ಪಬ್, ರೆಸ್ಟೋರೆಂಟ್, ಕಾಲೇಜು ಅಂಗಳ ಹಾಗೂ ಸಣ್ಣ ಸಭಾಂಗಣಗಳಲ್ಲಿ ಸೀಮಿತ ಸಂಖ್ಯೆಯ ಶ್ರೋತೃಗಳ ಎದುರು ನಡೆಯುವ ರಾಕ್ ತಂಡಗಳ ನೇರ ಪ್ರದರ್ಶನ. ಅರಮನೆ ಮೈದಾನದಂತಹ ಬೃಹತ್ ಸ್ಥಳಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಸಂಗೀತ ಕಾರ್ಯಕ್ರಮಗಳಿಗಿಂತ ಇದು ಭಿನ್ನವಾದುದು. ಸ್ಥಳೀಯ ತಂಡಗಳು ಸ್ವಂತ ರಚನೆಗಳನ್ನು ಮೊದಲು ಪರೀಕ್ಷಿಸಿಕೊಂಡದ್ದು ಹೆಚ್ಚಾಗಿ ಇಂತಹ ವೇದಿಕೆಗಳಲ್ಲಿಯೇ. ಶಬ್ದಮಾಲಿನ್ಯದ ನಿಯಮಗಳು ಮತ್ತು ‘ಲೈವ್ ಬ್ಯಾಂಡ್’ ಪರವಾನಗಿಯ ವಿವಾದದಿಂದಾಗಿ 2018ರ ನಂತರ ಈ ವೇದಿಕೆಗಳ ಅಸ್ತಿತ್ವವೇ ಚರ್ಚೆಯ ವಿಷಯವಾಯಿತು.

ಹಿನ್ನೆಲೆ

1990ರ ದಶಕದಲ್ಲಿ ಬೆಂಗಳೂರಿನ ರಾಕ್ ಸಂಗೀತಕ್ಕೆ ಕಾಲೇಜು ಉತ್ಸವಗಳು ಮುಖ್ಯ ಆಸರೆಯಾಗಿದ್ದವು. ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆಯು ಹೊಸ ತಂಡಗಳಿಗೆ ಮನ್ನಣೆ ತಂದುಕೊಟ್ಟಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ ‘ಫ್ರೀಡಂ ಜಾಮ್’ ಪ್ರವೇಶಶುಲ್ಕವಿಲ್ಲದ ಕಾರ್ಯಕ್ರಮವಾಗಿ ಹೆಸರಾಯಿತು. ಕರಾವಳಿಯಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯ ‘ಇನ್ಸಿಡೆಂಟ್’ ಮತ್ತು ಮಣಿಪಾಲದ ಎಂಐಟಿಯ ‘ರೆವೆಲ್ಸ್’ ಉತ್ಸವಗಳು ವಿದ್ಯಾರ್ಥಿಗಳಿಗೆ ಇಂತಹ ಸಂಗೀತವನ್ನು ನೇರವಾಗಿ ಕೇಳುವ ಅವಕಾಶ ಒದಗಿಸಿವೆ.

ನಂತರದ ವರ್ಷಗಳಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ತಂಡಗಳಿಗೂ ತಾಣವಾಯಿತು. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿಯೂ, ಐರನ್ ಮೇಡನ್ 2007ರ ಮಾರ್ಚ್ 17ರಂದೂ, ಮೆಟಾಲಿಕಾ 2011ರ ಅಕ್ಟೋಬರ್ 30ರಂದೂ ಅರಮನೆ ಮೈದಾನದಲ್ಲಿ ಪ್ರದರ್ಶನ ನೀಡಿದವು. ಆದರೆ ಇವು ಅಪರೂಪದ ಸಂದರ್ಭಗಳು. ವರ್ಷವಿಡೀ ಸಂಗೀತ ನಡೆಯುತ್ತಿದ್ದುದು ಸಣ್ಣ ಸ್ಥಳಗಳಲ್ಲಿ.

ಸ್ವರೂಪ

ಕಿರುವೇದಿಕೆಯಲ್ಲಿ ವೇದಿಕೆಯ ಎತ್ತರ ಕಡಿಮೆ. ಕಲಾವಿದರಿಗೂ ಶ್ರೋತೃಗಳಿಗೂ ನಡುವೆ ಕೆಲವೇ ಅಡಿಗಳ ಅಂತರವಿರುತ್ತದೆ. ಗಿಟಾರ್ ನುಡಿಸುವವರ ಬೆರಳುಗಳ ಚಲನೆ, ವಾದಕರು ಪರಸ್ಪರ ಕಣ್ಸನ್ನೆಯಿಂದ ಲಯ ಬದಲಿಸುವ ರೀತಿ ಎಲ್ಲವೂ ಶ್ರೋತೃಗಳಿಗೆ ಕಾಣುತ್ತವೆ. ಡ್ರಮ್ಸ್‌ನ ಸಮೀಪ ಧ್ವನಿವರ್ಧಕವಿಲ್ಲದೆಯೇ ಶಬ್ದದ ಮಟ್ಟ ಸುಮಾರು 100 ಡೆಸಿಬಲ್ ತಲುಪಬಲ್ಲದು. ಆದುದರಿಂದ ಸಣ್ಣ ಕೊಠಡಿಯಲ್ಲಿ ಉಳಿದ ವಾದ್ಯಗಳನ್ನೂ ಗಾಯನವನ್ನೂ ಡ್ರಮ್ಸ್‌ಗೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಪ್ರದರ್ಶನಕ್ಕೆ ಮುನ್ನ ನಡೆಯುವ ‘ಸೌಂಡ್ ಚೆಕ್’ನ ಉದ್ದೇಶ ಇದೇ. ಕಲಾವಿದರಿಗೆ ತಮ್ಮ ಧ್ವನಿ ಕೇಳಿಸಲೆಂದು ಅವರತ್ತ ಮುಖಮಾಡಿ ಇರಿಸುವ ಸ್ಪೀಕರ್‌ಗಳನ್ನು ‘ಮಾನಿಟರ್’ ಎನ್ನುತ್ತಾರೆ.

ಪಬ್‌ಗಳಲ್ಲಿ ಹಾಡುವ ತಂಡಗಳಿಂದ ಪ್ರಸಿದ್ಧ ಇಂಗ್ಲಿಷ್ ಗೀತೆಗಳ ಮರುಪ್ರಸ್ತುತಿಯನ್ನು, ಅಂದರೆ ‘ಕವರ್’ಗಳನ್ನು, ನಿರೀಕ್ಷಿಸುವುದು ವಾಡಿಕೆಯಾಗಿತ್ತು. ಸ್ವಂತ ರಚನೆಗಳಿಗೆ ಶ್ರೋತೃಗಳನ್ನು ಸಿದ್ಧಗೊಳಿಸುವುದು ತಂಡಗಳ ಮುಂದಿದ್ದ ಮುಖ್ಯ ಸವಾಲು.

ಪ್ರಮುಖ ತಂಡಗಳು

ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಲ್ಲಿ ರೂಪುಗೊಂಡ ತಂಡ. ಬ್ರೂಸ್ ಲೀ ಮಣಿ ಗಾಯಕ ಹಾಗೂ ಗಿಟಾರ್ ವಾದಕರು. ರಾಜೀವ್ ರಾಜಗೋಪಾಲ್ ಡ್ರಮ್ಸ್ ವಾದಕರು. ಸ್ವಂತ ಇಂಗ್ಲಿಷ್ ರಚನೆಗಳಿಗೆ ಆದ್ಯತೆ ನೀಡಿದ ಈ ತಂಡದ ಗೀತೆಗಳಲ್ಲಿ ಬೆಂಗಳೂರಿನ ನಗರಜೀವನವೇ ವಸ್ತುವಾಗಿದೆ.

1998ರಲ್ಲಿ ಆರಂಭವಾದ ಹೆವಿ ಮೆಟಲ್ ತಂಡ ಕ್ರಿಪ್ಟೋಸ್, 2013ರಲ್ಲಿ ಜರ್ಮನಿಯ ವಾಕೆನ್ ಓಪನ್ ಏರ್ ಉತ್ಸವದಲ್ಲಿ ಪ್ರದರ್ಶನ ನೀಡಿತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೂಲಕ ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್, ಬೇಸ್ ಮತ್ತು ಡ್ರಮ್ಸ್‌ಗಳೊಡನೆ ಹಾಡಿದರು. ಅವರ ಮೊದಲ ಆಲ್ಬಂ 2008ರಲ್ಲಿ ಬಿಡುಗಡೆಯಾಯಿತು. ವಾಸು ದೀಕ್ಷಿತ್ ಗಾಯಕರಾಗಿರುವ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರಲ್ಲಿ ಹೊರಬಂದಿತು. ಈ ತಂಡಗಳಿಂದಾಗಿ ಇಂಗ್ಲಿಷ್ ಗೀತೆಗಳೇ ಪ್ರಧಾನವಾಗಿದ್ದ ವೇದಿಕೆಗಳಲ್ಲಿ ಕನ್ನಡವೂ ಕೇಳಿಬರತೊಡಗಿತು.

ಪ್ರಮುಖ ಸ್ಥಳಗಳು

ಇಂದಿರಾನಗರದ ಬಿಫ್ಲ್ಯಾಟ್ ಮತ್ತು ದಿ ಹಮ್ಮಿಂಗ್ ಟ್ರೀ, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಹೆಸರಾದ ಸ್ಥಳಗಳು. ವಿಂಡ್‌ಮಿಲ್ಸ್ ಜಾಝ್ ಸಂಗೀತಕ್ಕೂ ಪ್ರಸಿದ್ಧವಾಗಿದೆ. 2013ರಲ್ಲಿ ಆರಂಭವಾದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು.

ಕಾನೂನು ಮತ್ತು ವಿವಾದ

ಕರ್ನಾಟಕದಲ್ಲಿ ‘ಲೈವ್ ಬ್ಯಾಂಡ್’ ಎಂಬ ಪದಕ್ಕೆ ಬಾರ್‌ಗಳಲ್ಲಿ ನಡೆಯುವ ನೃತ್ಯ ಪ್ರದರ್ಶನ ಎಂಬ ಅರ್ಥವೇ ಜನಬಳಕೆಯಲ್ಲಿ ಬಲವಾಗಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿಯಲ್ಲಿ ಹೊರಡಿಸಲಾದ 2005ರ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವು ಲೈವ್ ಬ್ಯಾಂಡ್, ಕ್ಯಾಬರೆ ಮತ್ತು ಡಿಸ್ಕೋಥೆಕ್‌ಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಇದನ್ನು ಪ್ರಶ್ನಿಸಿ ಲೈವ್ ಬ್ಯಾಂಡ್ ರೆಸ್ಟೋರೆಂಟ್‌ಗಳ ಸಂಘವು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಜನವರಿ 25ರಂದು ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿ ಇಲ್ಲದ ಸ್ಥಳಗಳ ಮೇಲೆ ಕ್ರಮ ಕೈಗೊಂಡಾಗ, ನೃತ್ಯಕ್ಕೆ ಸಂಬಂಧವೇ ಇಲ್ಲದ ರಾಕ್ ಮತ್ತು ಜಾಝ್ ವೇದಿಕೆಗಳಲ್ಲಿಯೂ ಪ್ರದರ್ಶನಗಳು ನಿಂತವು.

ಇದಕ್ಕೆ ನಿವಾಸಿಗಳ ಪಕ್ಷವೂ ಇದೆ. ಇಂದಿರಾನಗರದಂತಹ ವಸತಿ ಬಡಾವಣೆಗಳಲ್ಲಿ ಪಬ್‌ಗಳು ಹೆಚ್ಚಿದಂತೆ ರಾತ್ರಿಯ ಗದ್ದಲ, ವಾಹನದಟ್ಟಣೆಗಳ ವಿರುದ್ಧ ದೂರುಗಳು ಬಂದವು. ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ ಕ್ರಮವಾಗಿ 65 ಮತ್ತು 55. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಸಭಾಂಗಣದಂತಹ ಮುಚ್ಚಿದ ಆವರಣಗಳ ಒಳಬಳಕೆಯ ಹೊರತು, ಧ್ವನಿವರ್ಧಕ ನಿಷಿದ್ಧ. ಆದುದರಿಂದ ಗೋಡೆಗಳ ಶಬ್ದನಿರೋಧವೇ ನಿರ್ಣಾಯಕವಾಗುತ್ತದೆ. ಅದರ ವೆಚ್ಚ ಸಣ್ಣ ಸ್ಥಳಗಳಿಗೆ ಹೊರೆ.

ಇದೇ ಕಾಲಮಿತಿಯು ಕರಾವಳಿಯ ಯಕ್ಷಗಾನ ಬಯಲಾಟಕ್ಕೂ ಅನ್ವಯಿಸುತ್ತದೆ. 2022ರಲ್ಲಿ ಕಟೀಲು ಮೇಳಗಳು ಇಡೀ ರಾತ್ರಿಯ ಆಟದ ಬದಲು ಕಾಲಮಿತಿ ಪ್ರದರ್ಶನಕ್ಕೆ ಮುಂದಾದಾಗ ಅದು ವ್ಯಾಪಕ ಚರ್ಚೆಗೆ ಕಾರಣವಾಯಿತು. ಎರಡೂ ಸಂದರ್ಭಗಳಲ್ಲಿ ಎದುರಾದ ಪ್ರಶ್ನೆ ಒಂದೇ: ನೆರೆಹೊರೆಯವರ ನಿದ್ರೆಯ ಹಕ್ಕನ್ನು ಉಳಿಸಿಕೊಂಡೇ ನೇರ ಪ್ರದರ್ಶನಕ್ಕೆ ಸ್ಥಳ ಕಲ್ಪಿಸುವುದು ಹೇಗೆ ಎಂಬುದು.

ಮಹತ್ವ

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ನೇರ ಪ್ರದರ್ಶನಗಳು ಮತ್ತೊಮ್ಮೆ ಸ್ಥಗಿತಗೊಂಡು, ನಿರ್ಬಂಧಗಳು ತೆರವಾದ ಬಳಿಕ ಪುನರಾರಂಭಗೊಂಡವು. ಧ್ವನಿಮುದ್ರಿತ ಸಂಗೀತ ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುವ ಕಾಲದಲ್ಲಿಯೂ ಕಿರುವೇದಿಕೆಗೆ ಬೇರೆ ಬೆಲೆಯಿದೆ. ಹೊಸ ಗೀತೆಯೊಂದು ಶ್ರೋತೃಗಳನ್ನು ತಲುಪಿತೇ ಎಂಬುದು ಕಲಾವಿದರಿಗೆ ಆ ಕ್ಷಣದಲ್ಲಿಯೇ ಅವರ ಮುಖಗಳಲ್ಲಿ ತಿಳಿಯುವುದು ಇಲ್ಲಿ ಮಾತ್ರ.