ಹಿತ್ತಲ ಗಿಡ ಮತ್ತು ಶಾಸ್ತ್ರಗ್ರಂಥ: ಕನ್ನಡ ಪಾಕಸಾಹಿತ್ಯದ ಸಸ್ಯನಾಮಗಳನ್ನು ಕುರಿತು

1

ಕನ್ನಡದ ಶಾಸ್ತ್ರಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನವು ಬಹುಮಟ್ಟಿಗೆ ಕವಿಕಾಲ, ಛಂದಸ್ಸು, ಪಾಠನಿರ್ಣಯ ಇವುಗಳ ಸುತ್ತಲೇ ನಡೆದುಬಂದಿದೆ. ಕೃಷಿ, ವೈದ್ಯ, ಪಾಕ ಮೊದಲಾದ ಲೌಕಿಕ ವಿಷಯಗಳನ್ನು ನಿರೂಪಿಸುವ ಕೃತಿಗಳನ್ನೂ ನಾವು ಕಾವ್ಯಗಳನ್ನು ಓದಿದಂತೆಯೇ ಓದಿದ್ದೇವೆ. ಪದ್ಯದ ಅನ್ವಯ ಸರಿಹೋಯಿತೆಂದರೆ ಅರ್ಥವೂ ಸಿದ್ಧಿಸಿತೆಂದು ತೃಪ್ತಿಪಟ್ಟಿದ್ದೇವೆ. ಆದರೆ ಪಾಕಗ್ರಂಥವೊಂದರಲ್ಲಿ ಬರುವ ಸಸ್ಯದ ಹೆಸರಿಗೆ 'ಒಂದು ಬಗೆಯ ಸೊಪ್ಪು' ಎಂದು ಟಿಪ್ಪಣಿ ಬರೆದಾಗ ನಿಜವಾಗಿ ಅರ್ಥ ಹೇಳಿದಂತಾಯಿತೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಮೆ.

ಈ ಪ್ರಶ್ನೆಯನ್ನು ನಮಗೆ ಮೊದಲು ಹಾಕಿದವರು ವಿದ್ವಾಂಸರಲ್ಲ. ಡಾಕ್ಟರೇಟ್ ಪ್ರಬಂಧದ ಅನುಬಂಧದಲ್ಲಿ ನಾವು ಮಧ್ಯಕಾಲೀನ ಕೃತಿಗಳ ಸಸ್ಯನಾಮಗಳ ಪಟ್ಟಿಯೊಂದನ್ನು ಕೊಟ್ಟಿದ್ದೆವು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು ಮುಂಬಯಿಯ ಮಾಟುಂಗದಲ್ಲಿ ನೆಲೆಸಿದ್ದ ನಮ್ಮ ಸೋದರತ್ತೆ ಆ ಪುಟಗಳನ್ನು ತಿರುವಿಹಾಕಿ, "ಒಂದು ಬಗೆಯ ಸೊಪ್ಪು ಅಂತ ಬರೆದರೆ ಯಾವ ಸೊಪ್ಪನ್ನು ಬೇಯಿಸುವುದು ಮಾರಾಯ?" ಎಂದು ಕೇಳಿದರು. ಪರೀಕ್ಷಕರಾರೂ ಎತ್ತದಿದ್ದ ಈ ಆಕ್ಷೇಪಕ್ಕೆ ನಮ್ಮಲ್ಲಿ ಅಂದು ಉತ್ತರವಿರಲಿಲ್ಲ. ಪ್ರಸ್ತುತ ಲೇಖನವು ಆ ಉತ್ತರವನ್ನು ತಡವಾಗಿ ಹುಡುಕುವ ಒಂದು ಪ್ರಯತ್ನ.

2

ಮೊದಲು ಆಕರಗಳನ್ನು ಸಂಕ್ಷೇಪವಾಗಿ ನೋಡಬಹುದು. ಪಶ್ಚಿಮ ಚಾಲುಕ್ಯರ ಜಯಸಿಂಹನ ಕಾಲದಲ್ಲಿದ್ದ ಇಮ್ಮಡಿ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ವು ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ವೈದ್ಯ ಮುಂತಾದವನ್ನು ಒಂದೇ ಹೊದಿಕೆಯಲ್ಲಿ ತರುವ ಸಂಗ್ರಹಗ್ರಂಥ. ನೆಲದಡಿಯ ನೀರನ್ನು ಕಾಣುವ ಬಗೆ, ಗಿಡವನ್ನು ಸಾಕುವ ಬಗೆ, ಅಡುಗೆ ಮಾಡುವ ಬಗೆ ಇವು ಈ ಗ್ರಂಥದಲ್ಲಿ ಬೇರೆ ಬೇರೆ ವಿದ್ಯೆಗಳಾಗಿ ಚದುರಿಲ್ಲ. ಗೃಹಸ್ಥನೊಬ್ಬನಿಗೆ ಬೇಕಾದ ಒಂದೇ ತಿಳಿವಳಿಕೆಯ ಅಂಗಗಳಾಗಿ ಬಂದಿವೆ. ಬಾವಿಯಿಂದ ಹಿತ್ತಲಿಗೆ, ಹಿತ್ತಲಿಂದ ಒಲೆಗೆ ಹೋಗುವ ದಾರಿಯೇ ಈ ಗ್ರಂಥದ ಒಳಸೂತ್ರವೆಂದರೂ ತಪ್ಪಾಗದು. ಈ ಕೃತಿಯು 1950ರಲ್ಲಿ ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ ಎಚ್. ಶೇಷಯ್ಯಂಗಾರ್ಯರ ಸಂಪಾದನೆಯಲ್ಲಿಯೂ, ಅದರ ಇಂಗ್ಲಿಷ್ ಅನುವಾದವು 2006ರಲ್ಲಿ ಸಿಕಂದರಾಬಾದಿನಿಂದಲೂ ಪ್ರಕಟವಾದವು. ಎರಡೂ ಕರ್ನಾಟಕದ ಹೊರಗಿನಿಂದ ಬಂದವೆಂಬುದನ್ನು ಹೊರನಾಡಿನ ಸಂಶೋಧಕರು ನೆನಪಿನಲ್ಲಿಡಬೇಕು.

ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಅಂಗವಾಗಿ ಅನ್ನಭೋಗದ ವರ್ಣನೆಯಿದೆ. ಮಾಂಸ, ಮೀನುಗಳ ಪಾಕವೂ ಅದರಲ್ಲಿ ಸೇರಿದೆ. ಇದಕ್ಕೆ ಪ್ರತಿಯಾಗಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 1508ರ ಸುಮಾರಿಗೆ ವಾರ್ಧಕ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ವು, ಕವಿಯು ಜೈನನಾದುದರಿಂದ, ಪೂರ್ಣವಾಗಿ ಸಸ್ಯಾಹಾರಕ್ಕೆ ಮೀಸಲಾದುದು. ಬದನೆ, ಹಲಸು, ಬಾಳೆಯ ಕಾಯಿ ಮತ್ತು ಹೂ, ಕಳಲೆ, ನೆಲ್ಲಿ ಇವುಗಳ ಪಾಕಕ್ಕೆ ಕವಿ ಕೊಟ್ಟಿರುವ ವಿಸ್ತಾರ ಗಮನಾರ್ಹ. ಇವೆಲ್ಲ ಹಿತ್ತಲು, ತೋಟ, ಕಾಡಂಚುಗಳ ಬೆಳೆಗಳು.

ಶಾಸನಗಳಲ್ಲಿ ತೋಂಟ, ಪೂದೋಂಟ, ಎಲೆದೋಂಟಗಳು ದತ್ತಿಗಳಾಗಿ ಬರುತ್ತವೆ. ಆದರೆ ಒಂದು ಮನೆಯ ಹಿಂದೆ ಯಾವ ಸೊಪ್ಪು ಬೆಳೆಯುತ್ತಿತ್ತು ಎಂದು ಹೇಳುವುದು ದತ್ತಿಶಾಸನದ ಉದ್ದೇಶವಲ್ಲ. ಪಾಕಗ್ರಂಥಗಳಿಗೂ ಮಿತಿಯಿದೆ. ಅವು ಅರಸುಮನೆಗಳ, ಶಿಷ್ಟವರ್ಗದ ಅಡುಗೆಯನ್ನು ಹೇಳುತ್ತವೆ. ಹೊಲದ ಬದುವಿನಲ್ಲಿ ಹೆಣ್ಣುಮಕ್ಕಳು ಕೊಯ್ದು ತರುವ ಬೆರಕೆ ಸೊಪ್ಪಿಗೆ, ಅದರಿಂದ ಆಗುವ ಬಸ್ಸಾರಿಗೆ ಷಟ್ಪದಿಯ ಮರ್ಯಾದೆ ದೊರೆಯಲಿಲ್ಲ. ಆದುದರಿಂದ ಗ್ರಂಥವು ಮುಗಿಯುವಲ್ಲಿಂದ ನಾವು ಹಿತ್ತಲಿಗೆ ಇಳಿಯಬೇಕಾಗುತ್ತದೆ.

3

ಸಸ್ಯನಾಮಗಳ ವಿಷಯದಲ್ಲಿ ಸಂಶೋಧಕನಿಗೆ ಎದುರಾಗುವ ಮೊದಲ ತೊಡಕೆಂದರೆ, ಹೆಸರು ಉಳಿದು ವಸ್ತು ಬದಲಾಗಿರುವುದು. 1498ರಲ್ಲಿ ಪೋರ್ಚುಗೀಸರು ಮಲಬಾರ ತೀರವನ್ನು ಮುಟ್ಟಿ, 1510ರಲ್ಲಿ ಗೋವೆಯಲ್ಲಿ ನೆಲೆಯೂರಿದ ತರುವಾಯ ಅಮೆರಿಕ ಖಂಡದ ಬೆಳೆಗಳು ಕ್ರಮೇಣ ನಮ್ಮ ನಾಡಿಗೆ ಬಂದವು. ಅವುಗಳಲ್ಲಿ ಹಲವು ಹಳೆಯ ಹೆಸರುಗಳನ್ನೇ ಹೊದ್ದುಕೊಂಡವು. 'ಮೆಣಸು' ಎಂದರೆ ಕರಿಮೆಣಸು. ಹೊಸ ಖಾರದ ಕಾಯಿ ಅದರ ಹೆಸರನ್ನು ಪಡೆದು 'ಮೆಣಸಿನಕಾಯಿ' ಆಯಿತು. 'ಹುರುಳಿ' ನಮ್ಮ ಪ್ರಾಚೀನ ಧಾನ್ಯ. ಇಂದು ಪೇಟೆಯಲ್ಲಿ 'ಹುರುಳಿಕಾಯಿ' ಎಂದು ಕೊಳ್ಳುವ ಬೀನ್ಸ್ ಅಮೆರಿಕ ಮೂಲದ್ದು. ಹಳೆಯ ಕೃತಿಯ 'ಕುಂಬಳ' ಬೂದುಗುಂಬಳವೇ ಹೊರತು ಸಿಹಿಗುಂಬಳವಾಗಲಾರದು. ಹಾಗೆಯೇ ಹದಿನಾರನೆಯ ಶತಮಾನಕ್ಕೆ ಹಿಂದಿನ ಕಾವ್ಯದ 'ಗೆಣಸ'ನ್ನು ಇಂದಿನ ಸಿಹಿಗೆಣಸೆಂದು ಅರ್ಥೈಸಿದರೆ ಕಾಲವಿರೋಧವಾಗುತ್ತದೆ. ಅದು ಕಾಡುಗೆಣಸಿನ ಜಾತಿಯದಾಗಿರಬೇಕು. 'ಸೀಮೆಬದನೆ', 'ಸೀಮೆಹುಣಸೆ'ಗಳಂತೆ ಹೊಸತನವನ್ನು ತಾವೇ ಒಪ್ಪಿಕೊಳ್ಳುವ ಹೆಸರುಗಳು ನಮ್ಮ ಕೆಲಸವನ್ನು ಹಗುರ ಮಾಡುತ್ತವೆ. ಮೌನವಾಗಿ ಹಳೆಯ ಹೆಸರಿನೊಳಗೆ ಸೇರಿಕೊಂಡವುಗಳೇ ದಾರಿತಪ್ಪಿಸುವಂಥವು.

ಎರಡನೆಯ ತೊಡಕು, ಒಂದೇ ಹೆಸರು ಎರಡು ಗಿಡಗಳಿಗೆ ಸಲ್ಲುವುದು. 'ಬ್ರಾಹ್ಮಿ' ಎಂಬ ಹೆಸರು ಕೆಲವೆಡೆ ಒಂದೆಲಗಕ್ಕೂ ಕೆಲವೆಡೆ ನೀರುಬ್ರಾಹ್ಮಿಗೂ ಇದೆ. ಎರಡೂ ಬೇರೆ ಕುಟುಂಬದ ಸಸ್ಯಗಳು. ಇಲ್ಲಿ ನಿಘಂಟಿನಷ್ಟೇ ನೆರೆಭಾಷೆಗಳು ನೆರವಿಗೆ ಬರುತ್ತವೆ. ನಮ್ಮ 'ಬಸಳೆ'ಯನ್ನು ತೆಲುಗಿನವರು 'ಬಚ್ಚಲಿ' ಎನ್ನುತ್ತಾರೆ, ತಮಿಳರು 'ಪಸಲೈ' ಎನ್ನುತ್ತಾರೆ. ಮೂರೂ ಒಂದೇ ಬಳ್ಳಿಯ ಹೆಸರುಗಳೆಂಬುದು ಕಿವಿಗೇ ತಿಳಿಯುತ್ತದೆ. ಮರಾಠಿಯಲ್ಲಿ ಅದು 'ಮಯಾಳು', ಬಂಗಾಳಿಯಲ್ಲಿ 'ಪುಯಿ'. ಕನ್ನಡದ 'ಗೋಣಿಸೊಪ್ಪು' ಮರಾಠಿಯ 'ಘೋಳ', ತೆಲುಗಿನ 'ಪಾವಿಲಿ', ದೆಹಲಿಯ 'ಕುಲ್ಫಾ'. ಪುಣೆ, ಹೈದರಾಬಾದು, ಚೆನ್ನೈಗಳ ಸಂತೆಗಳಲ್ಲಿ ತಿರುಗಾಡುವ ಕನ್ನಡ ಸಂಶೋಧಕನಿಗೆ ಬೆಂಗಳೂರಿನ ವಿದ್ವಾಂಸನಿಗಿಲ್ಲದ ಈ ಸೌಲಭ್ಯ ದಿನವೂ ಕೈಗೆಟಕುವಂತಿದೆ.

4

ಸೋದರತ್ತೆಯ ಪ್ರಶ್ನೆಗೆ ಉತ್ತರ ಹುಡುಕುವ ಹಂಬಲದಿಂದ ನಾವು ದೆಹಲಿಯ ವಸತಿಗೃಹದ ಹಿಂದಿನ ಹತ್ತಡಿ ನೆಲದಲ್ಲಿ ಕೆಲವು ಗಿಡಗಳನ್ನು ಬೆಳೆಯತೊಡಗಿದೆವು. ಬಸಳೆಯ ಕಡ್ಡಿ ಮಳೆಗಾಲದಲ್ಲಿ ಚೆನ್ನಾಗಿ ಹಬ್ಬಿ ಡಿಸೆಂಬರಿನ ಚಳಿಗೆ ಸೊರಗಿತು. ಚಿತ್ತರಂಜನ ಪಾರ್ಕಿನ ಬಂಗಾಳಿ ತರಕಾರಿಯವರಿಂದ ಪುನಃ ಕಡ್ಡಿ ತಂದು ನೆಡಬೇಕಾಯಿತು. ನಲ್ಲಿಯ ಅಡಿಯ ತೇವದಲ್ಲಿ ಒಂದೆಲಗ ತಾನಾಗಿ ಹರಡಿತು. ಕುಂಡದಲ್ಲಿ ದೊಡ್ಡಪತ್ರೆ ಬಂದಿತು.

ಒಂದೆಲಗವನ್ನು ಕೊಯ್ದು ತಂಬುಳಿ ಮಾಡಿದ ದಿನ ಒಂದು ವಿಷಯ ಸ್ಪಷ್ಟವಾಯಿತು. ಕಾಳುಮೆಣಸು, ಜೀರಿಗೆಗಳನ್ನು ತುಪ್ಪದಲ್ಲಿ ಹುರಿದು, ಎಲೆಯನ್ನು ಬಾಡಿಸಿ, ತೆಂಗಿನತುರಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ ಸಿದ್ಧ. ಮೆಣಸಿನಕಾಯಿ, ಟೊಮೇಟೊ ಯಾವುದೂ ಬೇಡ. ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಅನೇಕ ಮನೆಗಳವರು ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕೋಸುಗಳನ್ನು ವರ್ಜಿಸಿ ಕಾಳುಮೆಣಸನ್ನೇ ಬಳಸುತ್ತಾರೆ. ಇದನ್ನು ನಾವು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುತ್ತಿದ್ದೆವು. ಪಾಠಶೋಧಕನ ದೃಷ್ಟಿಯಿಂದ ನೋಡಿದರೆ, ಹೊಸ ಸೇರ್ಪಡೆಗಳಿಗೆ ಎಡೆಗೊಡದೆ ಉಳಿದುಬಂದ ಪ್ರಾಚೀನ ಪ್ರತಿಯೊಂದು ಇಲ್ಲಿದೆ ಎನ್ನಿಸುತ್ತದೆ. ಮಂಗರಸನ ಪಾಕಗಳ ರುಚಿಯನ್ನು ಊಹಿಸಲು ಮುದ್ರಿತ ಅರ್ಥಕೋಶಕ್ಕಿಂತ ಶ್ರಾದ್ಧದ ಅಡುಗೆಯವರು ಹೆಚ್ಚಿನ ನೆರವು ನೀಡಬಲ್ಲರು.

ಬದನೆಯ ಅನುಭವ ಇನ್ನೊಂದು ಪಾಠವನ್ನು ಕಲಿಸಿತು. ಸೋದರತ್ತೆ ಕೊಟ್ಟದ್ದು ಮಟ್ಟುಗುಳ್ಳದ ಬೀಜ. ಉಡುಪಿಯ ಸಮೀಪದ ಮಟ್ಟು ಗ್ರಾಮದ ಈ ದುಂಡು ಹಸಿರು ಬದನೆಯ ಬೀಜವನ್ನು ಹದಿನಾರನೆಯ ಶತಮಾನದ ಯತಿಗಳಾದ ಶ್ರೀ ವಾದಿರಾಜರು ಊರವರಿಗೆ ಅನುಗ್ರಹಿಸಿದರೆಂಬುದು ಪರಂಪರೆಯ ನಂಬಿಕೆ. ಉಡುಪಿಯ ಪರ್ಯಾಯೋತ್ಸವಕ್ಕೆ ಗ್ರಾಮಸ್ಥರು ಇದನ್ನು ಕಾಣಿಕೆಯಾಗಿ ಒಪ್ಪಿಸುವ ವಾಡಿಕೆಯಿದೆ. 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರವು ಬಿಟಿ ಬದನೆಯ ವಾಣಿಜ್ಯ ಬೇಸಾಯವನ್ನು ತಡೆಹಿಡಿಯುವ ಮುನ್ನ ನಡೆದ ಚರ್ಚೆಯಲ್ಲಿ ಈ ತಳಿಯ ಶುದ್ಧತೆಯ ಪ್ರಶ್ನೆಯೂ ಎದ್ದಿತ್ತು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು.

ಮೊದಲ ವರ್ಷ ಕಾಯಿ ಸೊಗಸಾಗಿ ಬಂದಿತು. ಕೆಂಡದ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಹುಣಸೆ, ಉಪ್ಪು, ಶುಂಠಿ, ಮೆಣಸಿನಪುಡಿಯ ಬದಲು ಕಾಳುಮೆಣಸು ಸೇರಿಸಿ ಕಿವುಚಿ ಗೊಜ್ಜು ಮಾಡಿದೆವು. ಒಂದೆರಡು ಕಾಯಿಗಳನ್ನು ಬೀಜಕ್ಕೆಂದು ಗಿಡದಲ್ಲಿಯೇ ಹಳದಿಗಟ್ಟಲು ಬಿಟ್ಟೆವು. ಮೂರನೆಯ ವರ್ಷದ ಕಾಯಿಗಳಲ್ಲಿ ನೇರಳೆಯ ಛಾಯೆ ಕಾಣಿಸಿತು. ಪಕ್ಕದ ಮನೆಯವರು ಉದ್ದ ನೇರಳೆ ಬದನೆ ಹಾಕಿದ್ದರು. ಜೇನುನೊಣಗಳಿಗೆ ನಮ್ಮ ಬೇಲಿಯ ಪರಿವೆಯಿರಲಿಲ್ಲ. ಬದನೆಯು ಬಹುಪಾಲು ಸ್ವಪರಾಗಸ್ಪರ್ಶದಿಂದಲೇ ಕಾಯಿಕಟ್ಟುವ ಗಿಡವಾದರೂ ಸಂಕರಕ್ಕೆ ಎಡೆಯಿಲ್ಲದಿಲ್ಲ. ಬೀಜಕ್ಕೆ ಬಿಡುವ ಹೂವಿಗೆ ತೆಳುಬಟ್ಟೆಯ ಚೀಲ ಕಟ್ಟಬೇಕೆಂದು ನಮಗೆ ಅಂದು ತಿಳಿದಿರಲಿಲ್ಲ. ಎರಡು ಮಾತೃಕೆಗಳನ್ನು ಎದುರಿಗಿಟ್ಟುಕೊಂಡ ಲಿಪಿಕಾರನು ತನಗರಿವಿಲ್ಲದೆ ಪಾಠಗಳನ್ನು ಬೆರೆಸುವುದನ್ನು ಕುರಿತು ವರ್ಷಗಟ್ಟಲೆ ಬೋಧಿಸಿದ ನಮಗೆ, ಆ ಕಾಯಿ ಅದನ್ನೇ ಅಂಗೈಯಲ್ಲಿಟ್ಟು ತೋರಿಸಿತು.

5

ಮಟ್ಟುಗುಳ್ಳ ಕೆಟ್ಟರೆ ಮಟ್ಟುವಿನಿಂದ ಮತ್ತೆ ತರಿಸಬಹುದು. ಅದಕ್ಕೆ ಊರಿದೆ, ಐತಿಹ್ಯವಿದೆ, ಕಾನೂನಿನ ರಕ್ಷಣೆಯೂ ಇದೆ. ಸೋದರತ್ತೆ ಅದರೊಡನೆ ಇನ್ನೊಂದು ಬೀಜವನ್ನೂ ಕೊಟ್ಟಿದ್ದರು. ಅದು ಅವರು ತವರಿನಿಂದ ತಂದು, ಮಾಟುಂಗದ ಬಾಲ್ಕನಿಯ ಡಬ್ಬಿಗಳಲ್ಲಿ ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿದ್ದ ಒಂದು ಅಲಸಂಡೆ. ಬೂದಿ ಬೆರೆಸಿದ ಆ ಕಾಳುಗಳನ್ನು ನಾವು ಬೂದಿ ಕೊಡವಿ, ಒರೆಸಿ, ಕಾಣಲು ಚೆನ್ನಾಗಿರಲೆಂದು ಗಾಜಿನ ಸೀಸೆಯಲ್ಲಿ ತುಂಬಿ ಪುಸ್ತಕದ ಕಪಾಟಿನಲ್ಲಿಟ್ಟೆವು. ಮುಂದಿನ ವರ್ಷ ಬಿತ್ತೋಣವೆಂದು ಎರಡು ವರ್ಷ ಕಳೆದೆವು. ಸೋದರತ್ತೆ ತೀರಿಕೊಂಡ ಮೇಲೆ ಸೀಸೆಯನ್ನು ತೆರೆದಾಗ ಪ್ರತಿಯೊಂದು ಕಾಳಿನಲ್ಲೂ ಹುಳು ಕೊರೆದ ತೂತಿತ್ತು. ಬಿತ್ತಿದೆವು; ಒಂದೂ ಮೊಳೆಯಲಿಲ್ಲ. ಅದರ ಹೆಸರನ್ನಾದರೂ ಬರೆದಿಟ್ಟಿದ್ದೇವೆಯೇ ಎಂದು ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದರೆ, 'ಒಂದು ಬಗೆಯ ಅಲಸಂಡೆ' ಎಂದು ನಮ್ಮದೇ ಕೈಬರಹವಿತ್ತು.

ತಾಳೆಗರಿಯನ್ನು ಪ್ರತಿಮಾಡದಿದ್ದರೆ ಕೃತಿ ಅಳಿಯುತ್ತದೆ. ಬೀಜವನ್ನು ಬಿತ್ತದಿದ್ದರೆ ತಳಿ ಅಳಿಯುತ್ತದೆ. ವ್ಯತ್ಯಾಸವೆಂದರೆ ಗರಿಗೆ ನೂರಾರು ವರ್ಷಗಳ ಅವಧಿಯಿದೆ, ಬೀಜಕ್ಕೆ ಬೆರಳೆಣಿಕೆಯ ವರ್ಷಗಳು ಮಾತ್ರ. ಕವಿಯ ಹೆಸರಿದ್ದ ಕೃತಿಗಳನ್ನು ಮೊದಲು ಸಂಪಾದಿಸಿ, ಅನಾಮಧೇಯ ಕಟ್ಟುಗಳನ್ನು ಕಾಯಲು ಬಿಟ್ಟ ನಮ್ಮ ಹಿಂದಿನ ತಪ್ಪನ್ನು ಹಿತ್ತಲ ವಿಷಯದಲ್ಲಿಯೂ ಮಾಡಬಾರದು.

ಆದುದರಿಂದ ಹೊರನಾಡ ಕನ್ನಡ ಅಧ್ಯಯನ ಕೇಂದ್ರಗಳಲ್ಲಿ ಒಂದು ಸರಳವಾದ ಕೆಲಸವನ್ನು ಕೈಗೊಳ್ಳಬಹುದೆಂದು ನಮ್ಮ ಸೂಚನೆ. ಊರಿನಿಂದ ಬೀಜ, ಕಡ್ಡಿ, ಗಡ್ಡೆಗಳನ್ನು ತಂದು ಬೆಳೆಸಿಕೊಂಡಿರುವ ಮನೆಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಮನೆಯವರು ಹೇಳುವ ಹೆಸರು, ನೆರೆಭಾಷೆಯ ಹೆಸರು, ಸಸ್ಯಶಾಸ್ತ್ರದ ಹೆಸರು, ಬಿತ್ತುವ ಕಾಲ, ಬೀಜ ಕಾಯುವ ಕ್ರಮ, ಅಡುಗೆಯ ವಿಧಾನ ಈ ಆರನ್ನು ದಾಖಲಿಸಬೇಕು. ಸಾಧ್ಯವಾದಲ್ಲಿ ಬೀಜವನ್ನು ಇಬ್ಬರಿಗಾದರೂ ಹಂಚಬೇಕು. ಆ ಬಳಿಕವೇ ಚಾವುಂಡರಾಯ, ಮಂಗರಸರ ಸಸ್ಯನಾಮಗಳಿಗೆ ಹೊಸ ಟಿಪ್ಪಣಿ ಬರೆಯುವ ಅಧಿಕಾರ ನಮಗೆ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ವಿದ್ವಾಂಸರಿಗೇ ಹೆಚ್ಚು ಅನ್ವಯಿಸುವಂತಿದೆ. ನಮ್ಮ ಅನುಬಂಧವನ್ನು ನಾವೀಗ ತಿದ್ದುತ್ತಿದ್ದೇವೆ. 'ಒಂದು ಬಗೆಯ' ಎಂಬ ಮಾತನ್ನು ಹಲವು ಕಡೆ ಹೊಡೆದುಹಾಕಲು ಸಾಧ್ಯವಾಗಿದೆ. ಅಲಸಂಡೆಯ ಮುಂದೆ ಮಾತ್ರ ಅದು ಹಾಗೆಯೇ ಉಳಿದಿದೆ.