ಎಲ್ಲ ಫೈಲನ್ನೂ ತೆರೆಯುವ ಪ್ಲೇಯರ್ ಎಲ್ಲಿಂದ ಬಂತು?

ಕಳೆದ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಸಿ.ಡಿ. ಹಿಡಿದುಕೊಂಡು ಮನೆಗೆ ಬಂದ. 2003ರಲ್ಲಿ ನಮ್ಮ ಕಾಸರಗೋಡಿನ ಕಡೆ ನಡೆದ ಒಂದು ತಾಳಮದ್ದಳೆ ಕೂಟದ ವಿ.ಸಿ.ಡಿ. ಅವನ ಅಜ್ಜ ಅದರಲ್ಲಿ ಅರ್ಥ ಹೇಳಿದ್ದಾರೆ. ಅಜ್ಜ ಈಗ ಇಲ್ಲ, ಅವರ ಮಾತು ಬೇರೆ ಎಲ್ಲೂ ದಾಖಲಾಗಿಲ್ಲ. "ಮಾಸ್ಟ್ರೇ, ಫೈಲ್ ಓಪನ್ ಆಗುದಿಲ್ಲ ಅಂತ ಬರ್ತದೆ. ಡಿಸ್ಕ್ ಹಾಳಾಗಿದೆಯಾ?" ಅಂತ ಕೇಳಿದ.

ಡಿಸ್ಕ್ ಹಾಳಾಗಿರಲಿಲ್ಲ. ಒಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್, ಅದರಲ್ಲಿ 'ಡಾಟ್ ಡಿಎಟಿ' ಎಂದು ಮುಗಿಯುವ ಒಂದು ಕಡತ. ನನ್ನ ಗಣಕದಲ್ಲಿ ಕಿತ್ತಳೆ ಬಣ್ಣದ ಕೋನ್ ಚಿಹ್ನೆಯ ವಿಎಲ್‌ಸಿ ಇತ್ತು. ಕಡತವನ್ನು ಎಳೆದು ಅದರ ಮೇಲೆ ಹಾಕಿದೆ, ಮದ್ದಳೆಯ ಸದ್ದು ಬಂತು. "ಇದರಲ್ಲಿ ಮಾತ್ರ ಹೇಗೆ?" ಅಂತ ಅವನ ಮುಂದಿನ ಪ್ರಶ್ನೆ. ಆವತ್ತು ಅರ್ಧಂಬರ್ಧ ಹೇಳಿ ಕಳಿಸಿದೆ. ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟ್ಲಿಯೊಳಗೆ ಹಾರ್ಲಿಕ್ಸೇ ಇರುವುದು ಅಪರೂಪ. ಸಾಸಿವೆ ಇರಬಹುದು, ಉಪ್ಪಿನಕಾಯಿ ಇರಬಹುದು. ವಿಡಿಯೋ ಕಡತವೂ ಹಾಗೆಯೇ. ಎವಿಐ, ಎಂಪಿ4, ಎಂಕೆವಿ ಇವೆಲ್ಲ ಬಾಟ್ಲಿಗಳ ಹೆಸರು. ಒಳಗಿರುವ ಚಿತ್ರವನ್ನು, ಧ್ವನಿಯನ್ನು ಯಾವ ಲೆಕ್ಕದಲ್ಲಿ ಒತ್ತಿ ಚಿಕ್ಕದು ಮಾಡಿದ್ದಾರೆ ಎಂಬುದು ಬೇರೆಯೇ ವಿಷಯ. ಆ ಲೆಕ್ಕಕ್ಕೆ ಕೋಡೆಕ್ ಎಂದು ಹೆಸರು. ಬಾಟ್ಲಿ ಗೊತ್ತಿದ್ದು ಕೋಡೆಕ್ ಗೊತ್ತಿಲ್ಲದಿದ್ದರೆ ಶಬ್ದ ಮಾತ್ರ ಬಂದು ಪರದೆ ಕಪ್ಪಾಗಿ ಉಳಿಯುತ್ತದೆ. ಈ ಕಪ್ಪು ಪರದೆಯನ್ನು 2000ದ ದಶಕದಲ್ಲಿ ನೋಡದವರು ಯಾರಿದ್ದಾರೆ ಹೇಳಿ!

ಒತ್ತದೆ ಹಾಗೇ ಇಟ್ಟರೆ ಆಗುವುದಿಲ್ಲವೇ? ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಬಳಕೆಯಲ್ಲಿದ್ದ ವಿ.ಸಿ.ಡಿ.ಯ ಒಂದು ಚಿತ್ರ 352 ಅಡ್ಡ, 288 ಉದ್ದ ಚುಕ್ಕೆಗಳದ್ದು. ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ಸೆಕೆಂಡಿಗೆ 76 ಲಕ್ಷ ಬೈಟ್ ಆಯಿತು. 650 ಎಂಬಿಯ ಸಿ.ಡಿ. ಒಂದೂವರೆ ನಿಮಿಷದೊಳಗೆ ತುಂಬಿ ಹೋಗುತ್ತದೆ. 1988ರಲ್ಲಿ ಶುರುವಾದ ಎಂಪೆಗ್ ಎಂಬ ಅಂತಾರಾಷ್ಟ್ರೀಯ ತಜ್ಞರ ಕೂಟ ಇದಕ್ಕೆ ದಾರಿ ಕಂಡುಹಿಡಿಯಿತು: ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾದ ಭಾಗವನ್ನಷ್ಟೇ ಬರೆದಿಡುವುದು. ತಾಳಮದ್ದಳೆಯಲ್ಲಿ ಹಿಂದಿನ ಪರದೆ, ಕುಳಿತವರ ಸಾಲು ಎಲ್ಲ ಹಾಗೇ ಇರುತ್ತದೆ, ಕೈ ಮತ್ತು ಬಾಯಿ ಮಾತ್ರ ಆಡುತ್ತದೆ ತಾನೆ? ಈ ಎಂಪೆಗ್-1 ಲೆಕ್ಕವನ್ನೇ 1993ರಲ್ಲಿ ವಿ.ಸಿ.ಡಿ.ಗೆ ಬಳಸಿದರು. 76 ಲಕ್ಷ ಬೈಟ್ ಇದ್ದದ್ದು ಸುಮಾರು 11.5 ಲಕ್ಷ ಬಿಟ್‌ಗೆ ಇಳಿಯಿತು (ಬೈಟ್ ಅಲ್ಲ, ಬಿಟ್, 8 ಬಿಟ್ ಸೇರಿದರೆ ಒಂದು ಬೈಟ್). ಒಂದು ಡಿಸ್ಕಿನಲ್ಲಿ 74 ನಿಮಿಷ ಹಿಡಿಯಿತು.

ಹೀಗೆ ಎಲ್ಲರಿಗೂ ಒಂದೇ ಲೆಕ್ಕ ಇದ್ದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕಂಪೆನಿಗಳಿಗೆ ತಮ್ಮ ತಮ್ಮ ಬಾಟ್ಲಿ ಬೇಕಿತ್ತು. ಆಪಲ್ 1991ರಲ್ಲಿ ಕ್ವಿಕ್‌ಟೈಮ್ ತಂದಿತು. ಮೈಕ್ರೋಸಾಫ್ಟ್ 1992ರಲ್ಲಿ ಎವಿಐ ತಂದಿತು, ಆಮೇಲೆ ಎಎಸ್‌ಎಫ್. ಪ್ರೋಗ್ರೆಸಿವ್ ನೆಟ್‌ವರ್ಕ್ಸ್ 1995ರಲ್ಲಿ ರಿಯಲ್ ಆಡಿಯೋ, 1997ರಲ್ಲಿ ರಿಯಲ್ ವಿಡಿಯೋ ಹೊರತಂದಿತು. ಅಂತರಜಾಲದಲ್ಲಿ ಕನ್ನಡ ಹಾಡು ಕೇಳುವ ಹಳೆಯ ತಾಣಗಳು ಈ ರಿಯಲ್ ಪ್ಲೇಯರನ್ನು ಕೇಳುತ್ತಿದ್ದುದು ನೆನಪಿರಬಹುದು. ಈ ಪ್ಲೇಯರುಗಳೆಲ್ಲ ಬಿಟ್ಟಿಯಾಗಿಯೇ ಸಿಗುತ್ತಿದ್ದವು. ಬಿಟ್ಟಿ ಕೊಡುವುದರ ಹಿಂದಿನ ಉದ್ದೇಶ ಬೇರೆ: ನೋಡುವವರ ಗಣಕದಲ್ಲೆಲ್ಲ ತಮ್ಮ ಪ್ಲೇಯರ್ ಕುಳಿತರೆ, ವಿಡಿಯೋ ತಯಾರಿಸುವವರು ತಮ್ಮ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ಹಾಗಿರುವಾಗ ಒಬ್ಬರ ಕಡತವನ್ನು ಇನ್ನೊಬ್ಬರ ಪ್ಲೇಯರ್ ಚೆನ್ನಾಗಿ ತೋರಿಸಬೇಕೆಂಬ ಆಸಕ್ತಿ ಯಾರಿಗೆ ಇದ್ದೀತು?

ಈ ಬೇಲಿಯನ್ನು ಮೊದಲು ಹಾರಿದ್ದು ಜೆರೋಮ್ ರೋಟಾ ಎಂಬ ಫ್ರೆಂಚ್ ಯುವಕ. ಮೈಕ್ರೋಸಾಫ್ಟಿನ ಎಂಪೆಗ್-4 ಕೋಡೆಕ್ ಒಳ್ಳೆಯದೇ ಇತ್ತು, ಆದರೆ ಅದನ್ನು ಎಎಸ್‌ಎಫ್ ಬಾಟ್ಲಿಯಲ್ಲಿ ಮಾತ್ರ ತುಂಬಬೇಕೆಂದು ಬೀಗ ಹಾಕಿದ್ದರು. ರೋಟಾ ಆ ಬೀಗ ತೆಗೆದು ಎವಿಐಯಲ್ಲಿ ತುಂಬುವಂತೆ ಮಾಡಿದ. ಅದಕ್ಕೆ ಡಿವ್‌ಎಕ್ಸ್ ಎಂದು ಹೆಸರಿಟ್ಟು ಪಕ್ಕದಲ್ಲಿ ಕಣ್ಣು ಮಿಟುಕಿಸುವ ನಗುಮುಖವನ್ನೂ ಸೇರಿಸಿದ. ಅಮೆರಿಕದಲ್ಲಿ ಅದೇ ಹೆಸರಿನ ಬಾಡಿಗೆ ಡಿಸ್ಕಿನ ಯೋಜನೆಯೊಂದು 1999ರಲ್ಲಿ ಮುಳುಗಿತ್ತು, ಅದನ್ನು ಅಣಕಿಸಿದ್ದು! ಇಡೀ ಸಿನಿಮಾ ಒಂದೇ 700 ಎಂಬಿ ಸಿ.ಡಿ.ಗೆ ಬಂತು. ಆಮೇಲೆ ರೋಟಾ ಮತ್ತು ಜತೆಗಾರರು ಕಂಪೆನಿ ಕಟ್ಟಿದರು. 2001ರಲ್ಲಿ ಮೂಲ ಸಂಕೇತವನ್ನು ತೆರೆದಿಟ್ಟು, ಅದೇ ವರ್ಷ ಮತ್ತೆ ಬಾಗಿಲು ಮುಚ್ಚಿದರು. ಹೊರಗುಳಿದವರು ತೆರೆದಿದ್ದ ಭಾಗವನ್ನು ಹಿಡಿದು ಮುಂದುವರಿಸಿದರು, ಹೆಸರನ್ನು ತಿರುಗಿಸಿ ಬರೆದು ಎಕ್ಸ್‌ವಿಡ್ ಎಂದರು. ಇಂಥ ತಮಾಷೆ ಈ ಚರಿತ್ರೆಯಲ್ಲಿ ಬೇಕಾದಷ್ಟಿದೆ.

ಲಿನಕ್ಸ್ ಬಳಸುವವರ ಪಾಡು ಇನ್ನೂ ಕಷ್ಟ. ದೊಡ್ಡ ಕಂಪೆನಿಗಳು ಅವರನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಹಂಗೇರಿಯ ಆರ್ಪಾದ್ ಗೆರೆಯೊಫಿ 2000ದಲ್ಲಿ ಎಂಪ್ಲೇಯರ್ ಬರೆಯಲು ಹೊರಟದ್ದು ಇದ್ದ ಪ್ಲೇಯರುಗಳು ಸಾಲದೆ. ಎಂಪ್ಲೇಯರಿನದು ಒಂದು ವಿಚಿತ್ರ ಉಪಾಯ. ತನಗೆ ತಿಳಿಯದ ಕೋಡೆಕ್ ಇದ್ದರೆ ವಿಂಡೋಸಿನ ಡಿಎಲ್‌ಎಲ್ ಕಡತಗಳನ್ನೇ ಲಿನಕ್ಸಿನೊಳಗೆ ಎಬ್ಬಿಸಿ ಕೆಲಸ ಮಾಡಿಸುತ್ತಿತ್ತು. ಗುಂಡಿ ಇಲ್ಲ, ಮೆನು ಇಲ್ಲ, ಆದೇಶವನ್ನು ಟೈಪ್ ಮಾಡಬೇಕು. ಆದರೆ ಹಳೆಯ ನಿಧಾನ ಗಣಕದಲ್ಲೂ ಚಿತ್ರ ಓಡುತ್ತಿತ್ತು. ನನಗೆ ಈಗಲೂ ಅದರ ಮೇಲೆ ಮಮತೆ ಇದೆ.

ಇನ್ನು ವಿಎಲ್‌ಸಿ. ಇದರ ಹುಟ್ಟು ಪ್ಯಾರಿಸ್ ಸಮೀಪದ ಶಾತೆನೆ-ಮಲಾಬ್ರಿಯಲ್ಲಿದ್ದ ಎಕೋಲ್ ಸಂತ್ರಾಲ್ ಎಂಬ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ಅಲ್ಲಿನ ಗಣಕಜಾಲ ಬಹಳ ನಿಧಾನ; ಹುಡುಗರಿಗೆ ವೇಗದ ಜಾಲ ಬೇಕಿತ್ತು, ಯಾಕೆಂದರೆ ಗೇಮ್ ಆಡಬೇಕಿತ್ತು. ಕಾಲೇಜು ಹಣ ಕೊಡಲಿಲ್ಲ. ಕಂಪೆನಿಯೊಂದು ಕೊಡಲು ಒಪ್ಪಿತು, ಷರತ್ತಿನ ಮೇಲೆ: ಕೋಣೆಗೊಂದು ಡಿಶ್ ಹಾಕುವ ಬದಲು ಒಂದೇ ಡಿಶ್ಶಿನ ಟಿ.ವಿ. ಚಿತ್ರವನ್ನು ಜಾಲದ ಮೂಲಕ ಎಲ್ಲ ಕೋಣೆಗೂ ಹರಿಸಿ ತೋರಿಸಬೇಕು. 1996ರಲ್ಲಿ ಕೆಲಸ ಶುರುವಾಯಿತು. ಚಿತ್ರ ಕಳಿಸಲು ಒಂದು ತಂತ್ರಾಂಶ, ಪಡೆಯಲು ಇನ್ನೊಂದು. ಪಡೆಯುವ ತಂತ್ರಾಂಶಕ್ಕೆ 'ವಿಡಿಯೋಲ್ಯಾನ್ ಕ್ಲೈಂಟ್' ಎಂದು ಹೆಸರು, ಅದೇ ವಿಎಲ್‌ಸಿ. 1998ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು. ಕಾಲೇಜಿನವರನ್ನು ಒಪ್ಪಿಸಿ 2001ರ ಫೆಬ್ರವರಿ 1ರಂದು ಜಿಪಿಎಲ್ ಪರವಾನಗಿಯಡಿ ಮುಕ್ತಗೊಳಿಸಿದರು. ಆ ಕೋನ್ ಏನೆಂದು ಕೇಳುತ್ತೀರಾದರೆ, ವಿದ್ಯಾರ್ಥಿಗಳು ರಸ್ತೆಯಿಂದ ಎತ್ತಿಕೊಂಡು ಬಂದು ರಾಶಿ ಹಾಕಿದ್ದ ಟ್ರಾಫಿಕ್ ಕೋನ್ ಅದು. (ನನ್ನ ಮಕ್ಕಳಿಗೆ ಈ ಭಾಗವನ್ನು ಹೇಳುವುದಿಲ್ಲ.)

ಜಾಲದಲ್ಲಿ ಚಿತ್ರ ಹರಿಯುವಾಗ ನಡುವೆ ಒಂದಿಷ್ಟು ತುಣುಕು ಕಳೆದುಹೋಗುತ್ತದೆ. ಅದಕ್ಕೆಲ್ಲ ನಿಂತರೆ ಟಿ.ವಿ. ನೋಡಿದ ಹಾಗೇ. ಆದ್ದರಿಂದ ವಿಎಲ್‌ಸಿ ಮೊದಲಿನಿಂದಲೂ ಸಿಕ್ಕಿದ್ದನ್ನು ತೋರಿಸುತ್ತ ಮುಂದೆ ಹೋಗುವ ಜಾತಿಯದು. ಅರ್ಧ ಇಳಿಸಿದ ಕಡತ, ಗೀರು ಬಿದ್ದ ಡಿಸ್ಕ್ ಅದರಲ್ಲಿ ಓಡುವುದಕ್ಕೆ ಈ ಹುಟ್ಟುಗುಣವೇ ಕಾರಣ. ಎರಡನೆಯ ಕಾರಣ, ಕೋಡೆಕ್‌ಗಳಿಗಾಗಿ ಅದು ಹೊರಗೆ ಕೈಚಾಚುವುದಿಲ್ಲ. ವಿಂಡೋಸಿನಲ್ಲಿ ನಾವು 'ಕೋಡೆಕ್ ಪ್ಯಾಕ್' ಎಂದು ಕಂತೆಗಟ್ಟಲೆ ಹಾಕಿಕೊಂಡು, ಒಂದು ಇನ್ನೊಂದರ ಜತೆ ಜಗಳವಾಡಿ ಇದ್ದದ್ದೂ ಕೆಡುತ್ತಿತ್ತಲ್ಲ, ಆ ರಗಳೆ ಇಲ್ಲ. ಎಲ್ಲ ಒಳಗೇ ಇದೆ.

ಒಳಗಿರುವುದರಲ್ಲಿ ಬಹುಪಾಲು ವಿಎಲ್‌ಸಿಯವರು ಬರೆದದ್ದಲ್ಲ, ಅದನ್ನೂ ಹೇಳಬೇಕು. ಫ್ಯಾಬ್ರಿಸ್ ಬೆಲಾರ್ 2000ದ ಡಿಸೆಂಬರಿನಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಮುಕ್ತ ಯೋಜನೆಯದು. ಅಲ್ಲಿನ ಜನ ಕಂಪೆನಿಗಳು ಗುಟ್ಟಾಗಿಟ್ಟ ಕೋಡೆಕ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಅರ್ಥ ಮಾಡಿಕೊಂಡು, ಸ್ವಂತವಾಗಿ ಬರೆದರು. 2009ರಲ್ಲಿ ಬಂದ 0.5 ಆವೃತ್ತಿಯಲ್ಲಿ ರಿಯಲ್ ವಿಡಿಯೋದ 3 ಮತ್ತು 4ನೆಯ ಪೀಳಿಗೆಯೂ ಸೇರಿತು. ಎಂಪ್ಲೇಯರ್, ವಿಎಲ್‌ಸಿ ಎರಡೂ ಇದೇ ಬಾವಿಯ ನೀರು ಸೇದಿದವು. ಚಿತ್ರ ಯಾವುದರಲ್ಲಿ ಚೆನ್ನ ಎಂದು ನಾವು ವಾದ ಮಾಡುತ್ತಿದ್ದುದರಲ್ಲಿ ಅರ್ಥ ಅಷ್ಟಕ್ಕಷ್ಟೇ.

ಕಾನೂನಿನ ತೊಡಕೂ ಇತ್ತು. ಎಂಪೆಗ್ ಲೆಕ್ಕಗಳಿಗೆ ಪೇಟೆಂಟ್ ಇದ್ದುದರಿಂದ ಹಲವು ಲಿನಕ್ಸ್ ಹಂಚಿಕೆದಾರರು ಅವುಗಳನ್ನು ಬಿಟ್ಟೇ ಕೊಡುತ್ತಿದ್ದರು. ಫ್ರಾನ್ಸಿನಲ್ಲಿ ತಂತ್ರಾಂಶದ ಪೇಟೆಂಟಿಗೆ ಅಮೆರಿಕದಂಥ ಬಲ ಇಲ್ಲದ್ದು ವಿಎಲ್‌ಸಿಗೆ ಅನುಕೂಲವಾಯಿತು. ಡಿ.ವಿ.ಡಿ.ಯ ಬೀಗದ ವಿಷಯದಲ್ಲಿ ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್ಸೆನ್ ಕೋರ್ಟು ಹತ್ತಬೇಕಾಯಿತು. 1999ರಲ್ಲಿ ಬೀಗ ತೆಗೆಯುವ ತಂತ್ರಾಂಶವನ್ನು ಹಂಚಿದಾಗ ಅವನಿಗೆ 15 ವರ್ಷ. 2003ರಲ್ಲಿ ಎರಡು ನ್ಯಾಯಾಲಯಗಳೂ ಅವನು ನಿರ್ದೋಷಿ ಎಂದವು.

ನಮ್ಮ ಜಿಲ್ಲೆಯ ಶಾಲೆಗಳಿಗೆ ಇವೆಲ್ಲ ಬಂದದ್ದು ಕೇರಳ ಸರಕಾರದ ಮೂಲಕ. 2001ರಲ್ಲಿ ಆರಂಭವಾಗಿ 2017ರಲ್ಲಿ 'ಕೈಟ್' ಆದ ಐಟಿ ಅಟ್ ಸ್ಕೂಲ್ ಯೋಜನೆ ಶಾಲಾ ಗಣಕಗಳನ್ನು ಲಿನಕ್ಸಿಗೆ ಒಯ್ದಿತು. ಕನ್ನಡ ಮಾಧ್ಯಮದ ನಾವೂ ಅದೇ ಹಾದಿ ಹಿಡಿದೆವು. ಆದರೆ ಕನ್ನಡದ ಒಂದು ಕೊರತೆ ಬಹುಕಾಲ ಉಳಿದಿತ್ತು. ವಿಎಲ್‌ಸಿಯಲ್ಲಿ ಕನ್ನಡ ಅಡಿಬರಹ ಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, ಒಂದನೇ ತರಗತಿಯ ಮಗು ಬರೆದಂತೆ ಕಾಣುತ್ತಿದ್ದವು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಸೇರಿಸಿಕೊಂಡ 3.0 ಆವೃತ್ತಿ 2018ರಲ್ಲಿ ಬಂದ ಮೇಲೆ ಇದು ಸರಿಹೋಯಿತು.

2022ರಲ್ಲಿ ಮತ್ತೊಂದು ಗೊಂದಲ. ಭಾರತದಲ್ಲಿ ವಿಡಿಯೋಲ್ಯಾನ್ ತಾಣವೇ ತೆರೆಯದಾಯಿತು. ಮುಚ್ಚಿಸಿದ್ದು ಸರಕಾರ, ಮುಂಚಿತವಾಗಿ ಯಾರಿಗೂ ಹೇಳಿರಲಿಲ್ಲ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ವಕೀಲರ ನೋಟಿಸು ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆಗೆದರು.

ಆ ತಾಳಮದ್ದಳೆಗೆ ಬರುತ್ತೇನೆ. ವಿ.ಸಿ.ಡಿ.ಯ ಚಿತ್ರಭಾಗದಲ್ಲಿ ಜಾಸ್ತಿ ತುಂಬಿಸಲಿಕ್ಕೆಂದು ತಪ್ಪು ತಿದ್ದುವ ಹೆಚ್ಚುವರಿ ಸಂಕೇತವನ್ನು ಬಿಟ್ಟಿರುತ್ತಾರೆ, ಸಾಮಾನ್ಯ ಸಿ.ಡಿ.ಯಲ್ಲಿ ಒಂದು ತುಣುಕಿಗೆ 2048 ಬೈಟ್ ಆದರೆ ಇಲ್ಲಿ 2324. ಹಾಗಾಗಿ ಗೀರು ಬಿದ್ದರೆ ನಷ್ಟ ಹೆಚ್ಚು. ಲಿನಕ್ಸಿನಲ್ಲಿ ಸುಮ್ಮನೆ ನಕಲು ಮಾಡಹೋದರೆ ದೋಷ ತೋರಿಸಿ ನಿಲ್ಲುತ್ತದೆ. ಎಂಪ್ಲೇಯರಿಗೆ ಹೇಳಿ ಇಡೀ ಹರಿವನ್ನು ಕಡತವಾಗಿ ಇಳಿಸಿಕೊಂಡೆ, ಎಫ್‌ಎಫ್‌ಎಂಪೆಗ್‌ನಿಂದ ಎಂಕೆವಿ ಬಾಟ್ಲಿಗೆ ದಾಟಿಸಿದೆ. ಮತ್ತೆ ಒತ್ತಲು ಹೋಗಲಿಲ್ಲ. ಒತ್ತಿದಷ್ಟೂ ಇದ್ದ ಸ್ಪಷ್ಟತೆ ಹೋಗುತ್ತದೆ. ಎರಡನೇ ಡಿಸ್ಕಿನಲ್ಲಿ ಅಂಚಿನ ಹತ್ತಿರ ಗೀರು ಇದೆ. ಅಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ಎರಡು ಕಡೆ ತಡವರಿಸಿ ಮುಂದೆ ಹೋಗುತ್ತದೆ. ಅಜ್ಜನ ಅರ್ಥ ಪೂರ್ತಿ ಸಿಕ್ಕಿದೆ. ಕೂಟದ ಕೊನೆಯ ಭಾಗ ಮೂರನೇ ಡಿಸ್ಕಿನಲ್ಲಿ ಇದ್ದಿರಬೇಕು. ಅದು ಯಾರ ಮನೆಯಲ್ಲಿದೆಯೋ ಅಂತ ಹುಡುಗ ಈಗ ಹುಡುಕುತ್ತಿದ್ದಾನೆ.