ಮದರಾಸಿನ ಮಣ್ಣಿನಲ್ಲಿ ಗಸಗಸೆಯ ನೆಂಟರು

ಚೆನ್ನೈನ ಕೆಥೆಡ್ರಲ್ ರಸ್ತೆಯಲ್ಲಿ 1835ರಲ್ಲಿ ಶುರುವಾದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟವಿತ್ತು. ಅದರ ನೆರೆಯಲ್ಲೇ 1962ರಿಂದ 2008ರವರೆಗೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ನಡೆಯಿತು. ಉಡುಪಿ ಕಡೆಯಿಂದ ಹೋದ ಕೃಷ್ಣರಾಯರು ಕಟ್ಟಿದ ಹೆಸರದು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಇಂಥ ಸೊಸೈಟಿಗಳ ಕಾಲದಲ್ಲಿ ಹೊರನಾಡಿನ ಗಿಡಗಳನ್ನು ತರಿಸಿ, ಇಲ್ಲಿನ ಹವೆಗೆ ಒಗ್ಗುತ್ತವೆಯೇ ಎಂದು ನೋಡುವುದು ದೊಡ್ಡ ಹುಮ್ಮಸ್ಸಿನ ಕೆಲಸವಾಗಿತ್ತು. ಒಗ್ಗಿದ್ದು ಯಾವುದು, ಒಗ್ಗದ್ದು ಯಾವುದು ಎಂಬುದಕ್ಕೆ ಒಂದೇ ಕುಟುಂಬದ ಕಥೆ ಸಾಕು: ಪಾಪ್ಪಿ. ಕನ್ನಡದ ಕಿವಿಗೆ ‘ಪಾಪಿ’ ಎಂದೇ ಕೇಳುವ ಈ ಹೂವು ನಮ್ಮ ಗಸಗಸೆಯ ಬಳಗದ್ದು.

ಮೊದಲು ಕರೆಸಿಕೊಂಡ ನೆಂಟರು. 1880ರ ಸುಮಾರಿಗೆ ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್, ಹೊಲದಂಚಿನ ಕೆಂಪು ಪಾಪ್ಪಿಗಳ ನಡುವೆ ಬಿಳಿ ಅಂಚಿನ ಒಂದೇ ಒಂದು ಹೂವನ್ನು ಕಂಡರು. ಅದರ ಬೀಜ ತೆಗೆದು, ವರ್ಷ ವರ್ಷ ಆರಿಸುತ್ತ ಬಂದು ಬೆಳೆಸಿದ್ದೇ ಶರ್ಲಿ ಪಾಪ್ಪಿ. ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪ್ಪಿಗೆ 1820ರಲ್ಲಿ ಶಾಸ್ತ್ರೀಯ ಹೆಸರಿಟ್ಟವನು ಕವಿಯೂ ಸಸ್ಯವಿಜ್ಞಾನಿಯೂ ಆಗಿದ್ದ ಶಮಿಸ್ಸೊ. ರಷ್ಯದ ಹಡಗಿನಲ್ಲಿ ತನ್ನ ಜೊತೆಗಿದ್ದ ವೈದ್ಯ ಎಶ್‌ಶೋಲ್ಟ್ಸ್‌ನ ಹೆಸರನ್ನೇ ಅದಕ್ಕೆ ಕೊಟ್ಟ. ತೆಳು ಕಾಗದದಂಥ ಎಸಳಿನ ಐಸ್‌ಲ್ಯಾಂಡ್ ಪಾಪ್ಪಿ ಮೂರನೆಯದು.

ಮೂರಕ್ಕೂ ಬೇಕಾದದ್ದು ತಂಪು. ಚೆನ್ನೈನಲ್ಲಿ ಜನವರಿಯ ರಾತ್ರಿಯೂ ಸರಾಸರಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಿಂಗಾರು ಮಳೆ ಡಿಸೆಂಬರಿನಲ್ಲಿ ಹಿಂದೆ ಸರಿದ ಮೇಲೆ ಬಿತ್ತಿದರೆ, ಹೂ ಬಿಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ತಾಯಿಬೇರು ನೇರ ಕೆಳಗಿಳಿಯುವುದರಿಂದ ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೂ ಸೊರಗುತ್ತದೆ. ಬೆಂಗಳೂರು, ಊಟಿಗಳಲ್ಲಿ ನಗುವ ಹೂವು ಕರಾವಳಿಯಲ್ಲಿ ಬಾಡುವುದು ಇದಕ್ಕೇ.

ಎರಡನೆಯದು ಗಸಗಸೆಯೇ. ಮದರಾಸು ಪ್ರಾಂತ್ಯದಲ್ಲಿ ಅದಕ್ಕೆ ಹಿತವಾದ ಬೆಟ್ಟಗಳಿದ್ದವು. ಕನ್ನಡಕ್ಕೆ ಬಹಳ ಹತ್ತಿರದ ನುಡಿಯಾಡುವ ನೀಲಗಿರಿಯ ಬಡಗರು 19ನೇ ಶತಮಾನದಲ್ಲಿ ಅದನ್ನು ಬೆಳೆಯುತ್ತಿದ್ದರು. ಅಲ್ಲಿ ಅದನ್ನು ತಡೆದದ್ದು ಹವೆಯಲ್ಲ, ಕಾನೂನು. ಹಸಿ ಕಾಯಿಯನ್ನು ಗೀರಿದರೆ ಸುರಿಯುವ ಹಾಲೇ ಅಫೀಮು. ಸರ್ಕಾರಕ್ಕೆ ಅದು ದೊಡ್ಡ ಆದಾಯ. ಅನುಮತಿಯಿಲ್ಲದೆ ಬೆಳೆಯಕೂಡದೆಂದು 1878ರ ಅಫೀಮು ಕಾಯಿದೆ ಹೇಳಿತು. ಇಂದಿನ 1985ರ ಮಾದಕ ವಸ್ತು ಕಾಯಿದೆಯೂ ಅದನ್ನೇ ಇನ್ನಷ್ಟು ಕಠಿಣವಾಗಿ ಹೇಳುತ್ತದೆ. ಈಗ ಪರವಾನಗಿಯ ಬೆಳೆ ಇರುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ. ಪಾಯಸಕ್ಕೆ ಹಾಕುವ ಬೀಜಕ್ಕೆ ಅಡ್ಡಿಯಿಲ್ಲ, ಗಿಡ ಬೆಳೆಸುವುದಕ್ಕೆ ಇದೆ.

ಮೂರನೆಯವನು ಕರೆಯದೆ ಬಂದವನು. ಚೆನ್ನೈನ ಖಾಲಿ ಸೈಟು, ರೈಲುಹಳಿಯ ಬದಿ, ಕೆರೆಯಂಚುಗಳಲ್ಲಿ ಮುಳ್ಳೆಲೆ, ಹಳದಿ ಹೂವಿನ ಗಿಡ ಕಂಡರೆ ಅದು ಇವನೇ. ತಮಿಳಿನಲ್ಲಿ ಬ್ರಹ್ಮದಂಡು, ಹಿಂದಿಯಲ್ಲಿ ಸತ್ಯಾನಾಶಿ, ನಮ್ಮಲ್ಲಿ ದತ್ತೂರಿ ಗಿಡ ಅಥವಾ ಅರಸಿನ ಉಮ್ಮತ್ತ. ಶಾಸ್ತ್ರೀಯ ಹೆಸರು ಆರ್ಜಿಮೋನ್ ಮೆಕ್ಸಿಕಾನಾ. ಹುಟ್ಟೂರು ಆ ಹೆಸರಿನಲ್ಲೇ ಇದೆ. ಹೆಸರಿಗೆ ಉಮ್ಮತ್ತವಾದರೂ ಕುಲದಲ್ಲಿ ಅಪ್ಪಟ ಪಾಪ್ಪಿ. ಒಣ ನೆಲ ಸಾಕು, ದನ ಮುಟ್ಟುವುದಿಲ್ಲ, ಮುಳ್ಳುಕಾಯಿ ಒಡೆದರೆ ತುಂಬ ಕಪ್ಪು ಬೀಜ. ಸೊಸೈಟಿಗಳು ಬಯಸಿದ ‘ಒಗ್ಗುವಿಕೆ’ಯನ್ನು ಯಾರ ಸಹಾಯವೂ ಇಲ್ಲದೆ ಇದು ಮಾಡಿ ತೋರಿಸಿತು. ಮುರಿದರೆ ಬರುವ ಹಳದಿ ಹಾಲನ್ನು ಚರ್ಮದ ಕಾಯಿಲೆಗೆ ಹಚ್ಚುವ ರೂಢಿಯೂ ಬೆಳೆಯಿತು.

ಆದರೆ ಆ ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಅದರ ಎಣ್ಣೆಯಲ್ಲಿರುವ ಸಾಂಗ್ವಿನರೀನ್ ಎಂಬ ವಿಷ ಸಣ್ಣ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಕಾಲು ಊದುತ್ತದೆ, ಹೃದಯ ಸೋಲುತ್ತದೆ, ಕೆಲವರ ಕಣ್ಣಿಗೂ ಕೇಡು. 1877ರಲ್ಲಿ ಕಲ್ಕತ್ತದಲ್ಲಿ ಈ ಊತದ ಪಿಡುಗು ಮೊದಲು ದಾಖಲಾಯಿತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು.

ಆದ್ದರಿಂದ ತೋಟದ ಆಸೆಯಿರುವವರು ಬೀಜದ ಪೊಟ್ಟಣದ ಮೇಲಿನ ಹೆಸರನ್ನು ಒಮ್ಮೆ ಓದಬೇಕು. ‘ಪಪಾವರ್ ಸೋಮ್ನಿಫೆರಮ್’ ಎಂದಿದ್ದರೆ, ‘ಪಿಯೋನಿ ಪಾಪ್ಪಿ’ ಎಂಬ ಅಂದದ ಹೆಸರಿದ್ದರೂ ಅದು ಅಫೀಮಿನ ಗಿಡ, ಬಿತ್ತುವಂತಿಲ್ಲ. ಅಡುಗೆಮನೆಯ ಗಸಗಸೆಯನ್ನು ಕುಂಡಕ್ಕೆ ಹಾಕಿ ನೋಡುವ ಕುತೂಹಲವೂ ಬೇಡ. ಮೈಸೂರು, ಬೆಂಗಳೂರು, ಕೊಡಗಿನಲ್ಲಿರುವವರು ಕ್ಯಾಲಿಫೋರ್ನಿಯಾ ಅಥವಾ ಶರ್ಲಿ ಬೀಜವನ್ನು ಅಕ್ಟೋಬರ್-ನವೆಂಬರಿನಲ್ಲಿ, ಹೂ ಬಿಡಬೇಕಾದ ಜಾಗದಲ್ಲೇ ಉದುರಿಸಿ. ಚೆನ್ನೈನವರಿಗೆ ಪಾಪ್ಪಿ ನೋಡಬೇಕೆನಿಸಿದರೆ, ಮಾರ್ಚಿಯ ಬೆಳಗ್ಗೆ ಯಾವುದಾದರೂ ಖಾಲಿ ಸೈಟಿನ ಬೇಲಿಯಾಚೆ ಇಣುಕಿದರೆ ಸಾಕು. ನೋಡಿ, ಮುಟ್ಟಬೇಡಿ, ಸಾಸಿವೆ ಹೊಲದ ಹತ್ತಿರವಿದ್ದರೆ ಕಾಯಿ ಬಲಿಯುವ ಮೊದಲೇ ಕೀಳಿಸಿ.